ಥಿನ್ ಕ್ಲೈಂಟ್ ಆಗಿ ಲಿನಕ್ಸ್ ಲ್ಯಾಪ್‌ಟಾಪ್, ಆದರೆ ಫೈಲುಗಳು ನನ್ನ ಹತ್ರಾನೇ ಇರಬೇಕು

ಹಳೇಡಬ್ಬಿ: 4 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. ಅದು ಬರೀ ಥಿನ್ ಕ್ಲೈಂಟ್, ಅಂದರೆ ಪರದೆ-ಕೀಬೋರ್ಡ್ ಇದ್ದ ಹಾಗೆ. ಕೆಲಸವೆಲ್ಲ ದೂರದ ವಿಂಡೋಸ್ ಸರ್ವರ್ ಮೇಲೆ, ಆರ್‌ಡಿಪಿ (ದೂರದ ವಿಂಡೋಸ್ ಪರದೆಯನ್ನು ಇಲ್ಲಿಂದಲೇ ಬಳಸೋ ವ್ಯವಸ್ಥೆ) ಮೂಲಕ. ಆದರೆ ಫೈಲುಗಳು ನನ್ನ ಡಿಸ್ಕಿನಲ್ಲೇ ಇರಬೇಕು, ನೆಟ್ ಹೋದಾಗಲೂ ತೆರೆಯೋಕೆ ಆಗಬೇಕು. ಸಾಧ್ಯಾನಾ?

ಟರ್ಮಿನಲ್‌ಪ್ರಿಯ: ಧಾರಾಳವಾಗಿ. ರೆಮಿನಾ (ಲಿನಕ್ಸ್‌ನಲ್ಲಿ ಆರ್‌ಡಿಪಿ ಕನೆಕ್ಷನ್ ಮಾಡೋ ಪ್ರೋಗ್ರಾಂ) ಹಾಕಿಕೊಳ್ಳಿ, ಕನೆಕ್ಷನ್ ಸೆಟ್ಟಿಂಗ್‌ನಲ್ಲಿ ಫೋಲ್ಡರ್ ಶೇರ್ ಮಾಡೋ ಆಯ್ಕೆ ಇದೆ, ಅಲ್ಲಿ ನಿಮ್ಮ ಫೋಲ್ಡರ್ ತೋರಿಸಿದರೆ ಸಾಕು, ಲಾಗಿನ್ ಆದಮೇಲೆ ವಿಂಡೋಸ್‌ನಲ್ಲಿ ಅದು ಇನ್ನೊಂದು ಡ್ರೈವ್ ತರಹ ಕಾಣುತ್ತದೆ. ಇಡೀ ಹೋಮ್ ಫೋಲ್ಡರ್ ಮಾತ್ರ ಕೊಡಬೇಡಿ. ಬೇರೆ ಸರ್ವರ್‌ಗಳಿಗೆ ಲಾಗಿನ್ ಆಗೋ ಗುಟ್ಟಿನ ಫೈಲುಗಳು, ಅಂದರೆ ನಿಮ್ಮ ಎಸ್‌ಎಸ್‌ಎಚ್ ಕೀಗಳೂ ಅಲ್ಲೇ ಇರುತ್ತವೆ ಅಲ್ವಾ!

ನಿಧಾನಿ: ಒಂದು ಮಾತು. ಫೈಲು ಇಲ್ಲಿ, ಅದನ್ನು ತೆರೆಯೋ ಪ್ರೋಗ್ರಾಂ ಅಲ್ಲಿ. ಅಂದರೆ ತೆರೆದಾಗಲೆಲ್ಲ ಲ್ಯಾಪ್‌ಟಾಪಿನಿಂದ ಅಪ್‌ಲೋಡ್ ಆಗುತ್ತದೆ, ಮನೆ ಕನೆಕ್ಷನ್‌ಗಳಲ್ಲಿ ಅಪ್‌ಲೋಡ್ ವೇಗ ಸಾಮಾನ್ಯವಾಗಿ ಕಮ್ಮಿ. ಪುಟ್ಟ ಡಾಕ್ಯುಮೆಂಟ್ ಆದರೆ ತೊಂದರೆ ಇಲ್ಲ, ದೊಡ್ಡ ಎಕ್ಸೆಲ್ ಆದರೆ ಸೇವ್ ಒತ್ತಿ ಸುಮ್ನೆ ಕಾಯಬೇಕು. ನಡುವೆ ಕನೆಕ್ಷನ್ ಕಡಿದರೆ ಸೇವ್ ಅರ್ಧಕ್ಕೇ ನಿಲ್ಲಬಹುದು. ನಾನಾದರೆ ಸಿಂಕ್‌ಥಿಂಗ್ ಬಳಸುತ್ತೇನೆ, ಎರಡು ಕಂಪ್ಯೂಟರ್‌ಗಳ ಫೋಲ್ಡರನ್ನು ಒಂದೇ ತರಹ ಇಡೋ ಪ್ರೋಗ್ರಾಂ ಅದು. ಎರಡೂ ಕಡೆ ಒಂದೊಂದು ಪ್ರತಿ, ಬದಲಾದ ಭಾಗ ಮಾತ್ರ ಹೋಗಿಬರುತ್ತದೆ. ಒಂದೇ ಫೈಲನ್ನು ಎರಡೂ ಕಡೆ ಒಟ್ಟಿಗೆ ತಿದ್ದಿದರೆ ಒಂದು ಪ್ರತಿಯ ಹೆಸರಿಗೆ ಕಾನ್‌ಫ್ಲಿಕ್ಟ್ ಅಂತ ಸೇರುತ್ತದೆ, ಆಮೇಲೆ ಕೂತು ಹೊಂದಿಸಬೇಕು.

ಹಳೇಡಬ್ಬಿ: ರೆಮಿನಾದಲ್ಲಿ ಫೋಲ್ಡರ್ ಕೊಟ್ಟೆ, ಲಾಗಿನ್ ಆಯ್ತು, ಆದರೆ ಡ್ರೈವೇ ಕಾಣಿಸ್ತಿಲ್ಲ.

ಟರ್ಮಿನಲ್‌ಪ್ರಿಯ: ಸರ್ವರ್‌ನ ಗ್ರೂಪ್ ಪಾಲಿಸಿಯಲ್ಲಿ (ಅಡ್ಮಿನ್ ಹಾಕೋ ನಿಯಮಗಳಲ್ಲಿ) ಡ್ರೈವ್ ರೀಡೈರೆಕ್ಷನ್, ಅಂದರೆ ಹೀಗೆ ನಿಮ್ಮ ಫೋಲ್ಡರನ್ನು ಅಲ್ಲಿ ಡ್ರೈವ್ ಆಗಿ ತೋರಿಸೋದನ್ನು, ತಡೆದಿರಬಹುದು. ಅಡ್ಮಿನ್‌ರನ್ನೇ ಕೇಳಿ. ಅವರು ಬೇಕಂತಲೇ ತಡೆದಿದ್ದರೆ ಸಿಂಕ್‌ಥಿಂಗ್ ಕೂಡ ಕೇಳದೆ ಹಾಕಬೇಡಿ. ಒಪ್ಪಿದರೆ ಮೊದಲು ಲ್ಯಾಪ್‌ಟಾಪಿನ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ಅದು ಕಳೆದುಹೋದರೂ ಪಾಸ್‌ವರ್ಡ್ ಇಲ್ಲದೆ ಫೈಲು ಓದೋಕೆ ಆಗಬಾರದು.