ಹೊಸ ಹಿಮದ ಮೇಲೆ ಡ್ರೋನ್ ಮ್ಯಾಪಿಂಗ್: ಮಾಡೆಲ್‌ನಲ್ಲಿ ತೂತು, ನಡುವೆ ಉಬ್ಬು

ಕಣಿವೆದಾರಿ:
ಜಾಗ: ಲಾಹೌಲ್‌ನ ಚಂದ್ರಾ ಕಣಿವೆ, ಒಂದು ಹಿಮನದಿಯ ಮೂತಿಯ (ಕೆಳತುದಿಯ) ಭಾಗ. ಸುಮಾರು 1 ಚ.ಕಿ.ಮೀ., ಎತ್ತರ 4,300 ಮೀ. ಸೆಪ್ಟೆಂಬರ್‌ನ ಮೇಲ್ಮೈಯನ್ನು ಮೇ ತಿಂಗಳದ್ದರಿಂದ ಕಳೆದು ಹಿಮದ ಆಳ ತೆಗೆಯಬೇಕು. 20 ಮೆಗಾಪಿಕ್ಸೆಲ್ ಕ್ಯಾಮೆರಾ, 1 ಇಂಚಿನ ಸೆನ್ಸರ್, ಹಾರಾಟ 100 ಮೀ., ಓವರ್‌ಲ್ಯಾಪ್ (ಚಿತ್ರದ ಮೇಲೆ ಚಿತ್ರ ಹೊದ್ದುಕೊಳ್ಳುವುದು) ಮುಂದಕ್ಕೆ 75%, ಪಕ್ಕಕ್ಕೆ 60%, ಕ್ಯಾಮೆರಾ ನೇರ ಕೆಳಕ್ಕೆ, ಎಕ್ಸ್‌ಪೋಷರ್ ಆಟೋ. ಅಂಚಿನಲ್ಲಿ ನಾಲ್ಕು ಜಿಸಿಪಿ (ಸ್ಥಾನ ಅಳೆದಿಟ್ಟ ನೆಲದ ಗುರುತು). ಮೇ ಸೆಟ್ ಮೋಡದ ದಿನದ್ದು: ಬಯಲು ಹಿಮದಲ್ಲಿ ಪಾಯಿಂಟ್ ಕ್ಲೌಡ್ (ಚಿತ್ರಗಳಿಂದ ಕಟ್ಟಿದ 3ಡಿ ಬಿಂದುಗಳ ರಾಶಿ) ತೂತುತೂತು, ನಡುಭಾಗ ಸುಮಾರು 1 ಮೀ. ಉಬ್ಬಿದೆ. ಉಳಿಸಿಕೊಳ್ಳಬಹುದಾ, ಮತ್ತೆ ಹಾರಿಸಬೇಕಾ?

ಬಿಳಿಪಿಕ್ಸೆಲ್:
ತೂತಿಗೆ ಕಾರಣ ಮೋಡ. ನೆರಳಿಲ್ಲದಿದ್ದರೆ ಹೊಸ ಹಿಮದಲ್ಲಿ ಸಾಫ್ಟ್‌ವೇರ್‌ಗೆ ಹಿಡಿಯಲು ಗುರುತೇ ಸಿಗುವುದಿಲ್ಲ. ಬಿಸಿಲಿರುವ ದಿನ, ಸೂರ್ಯ ಇನ್ನೂ ಓರೆಯಾಗಿರುವಾಗ ಹಾರಿಸಿ. ಗಾಳಿ ಕೊರೆದ ಸಣ್ಣ ಗೀರುಗಳ ನೆರಳೇ ನಿಮಗೆ ಟೆಕ್ಸ್ಚರ್. ತೀರಾ ಬೆಳಿಗ್ಗೆ ಬೇಡ, ಬೆಟ್ಟದ ನೆರಳು ಅರ್ಧ ಕಣಿವೆ ನುಂಗಿರುತ್ತದೆ.

ಆಟೋ ಎಕ್ಸ್‌ಪೋಷರ್ ಬಿಟ್ಟುಬಿಡಿ. ಮೀಟರ್ ಹಿಮವನ್ನು ಬೂದು ಮಾಡುತ್ತದೆ, ಬಂಡೆ ಬಂದಾಗ ಏರಿಸಿ ಪಕ್ಕದ ಹಿಮವನ್ನು ಸುಟ್ಟುಬಿಡುತ್ತದೆ. ಮ್ಯಾನುವಲ್ ಇಟ್ಟು, ಹಿಸ್ಟೋಗ್ರಾಮ್‌ನ ಗುಡ್ಡ ಬಲ ಅಂಚಿಗೆ ತಾಗದಂತೆ ನೋಡಿಕೊಳ್ಳಿ. ಶಟರ್ 1/1000 ಅಥವಾ ಇನ್ನೂ ವೇಗ. ಕ್ಯಾಮೆರಾದಲ್ಲಿ ಆಗುವುದಾದರೆ ರಾ ಫೈಲ್‌ನಲ್ಲೇ ತೆಗೆಯಿರಿ, ಜೆಪೆಗ್ ಕಂಪ್ರೆಷನ್ ಮೊದಲು ತಿನ್ನುವುದೇ ಈ ಸಣ್ಣ ವ್ಯತ್ಯಾಸವನ್ನು. ಓವರ್‌ಲ್ಯಾಪ್ 85/75.

ಈಗಿರುವ ಸೆಟ್‌ನಲ್ಲಿ ಡಿಇಎಂ (ಎತ್ತರದ ನಕ್ಷೆ) ಮಾಡುವಾಗ ಇಂಟರ್‌ಪೊಲೇಷನ್ (ಖಾಲಿ ಜಾಗವನ್ನು ಅಂದಾಜಿನಿಂದ ತುಂಬುವುದು) ಆಫ್ ಮಾಡಿ. ತೂತು ತೂತಾಗಿಯೇ ಇರಲಿ. ಸಾಫ್ಟ್‌ವೇರ್ ತುಂಬಿದ ಜಾಗ ಆಳದ ನಕ್ಷೆಯಲ್ಲಿ ಅಸಲಿ ಹಿಮದಂತೆಯೇ ಕಾಣುತ್ತದೆ.

ಮೊರೇನ್ ಮೇಷ್ಟ್ರು:
ಉಬ್ಬಿನ ಕಥೆ ಬೇರೆ. ಚಿತ್ರಗಳೆಲ್ಲ ನೇರ ಕೆಳಮುಖ, ಹಾರಾಟದ ಸಾಲುಗಳೆಲ್ಲ ಸಮಾನಾಂತರ. ಇಂಥದ್ದರಲ್ಲಿ ಲೆನ್ಸ್‌ನ ವಕ್ರತೆಯನ್ನು ಚೂರು ತಪ್ಪಾಗಿ ಅಂದಾಜಿಸಿದರೂ ಇಡೀ ನೆಲ ಗುಮ್ಮಟವಾಗುತ್ತದೆ. ಜಿಸಿಪಿ ಅಂಚಿನಲ್ಲಷ್ಟೇ ಇದ್ದರೆ ನಡುವನ್ನು ಹಿಡಿದಿಡುವವರಿಲ್ಲ. ಮುಂದಿನ ಸಲ ಅಡ್ಡಡ್ಡ ಕೆಲವು ಸಾಲು, ಕ್ಯಾಮೆರಾ 20–30 ಡಿಗ್ರಿ ಓರೆ ಮಾಡಿ ಹಾರಿಸಿ. ನಡುವೆಯೂ ಗುರುತು ಹಾಕಿ. ಆದರೆ ಗುರುತಿನ ಕಪ್ಪು ಹಾಳೆ ಬಿಸಿಲು ಹೀರಿ ಹಿಮದೊಳಗೆ ಇಳಿಯುತ್ತದೆ, ಆದ್ದರಿಂದ ಹಾರಿಸುವ ಹೊತ್ತಿಗೇ ಅಳೆಯಬೇಕು.

ಈಗಿನದ್ದಕ್ಕೆ ಒಂದು ದಾರಿ ಇದೆ: ಸೆಪ್ಟೆಂಬರ್, ಮೇ ಎರಡೂ ಚಿತ್ರಗಳನ್ನು ಒಟ್ಟಿಗೆ ಅಲೈನ್ ಮಾಡಿ. ಎರಡರಲ್ಲೂ ಬರಿಬಂಡೆ ಕಾಣುವ ಕಡೆ ಟೈ ಪಾಯಿಂಟ್ (ಎರಡನ್ನೂ ಜೋಡಿಸುವ ಸಮಾನ ಬಿಂದು) ಸಿಗುತ್ತವೆ. ಡೆನ್ಸ್ ಕ್ಲೌಡ್ (ದಟ್ಟ ಪಾಯಿಂಟ್ ಕ್ಲೌಡ್) ಮಾತ್ರ ಬೇರೆಬೇರೆ ಮಾಡಿ. ಬಂಡೆ ಒಂದೇ ಪಕ್ಕದಲ್ಲಿದ್ದರೆ ಇದು ಕೆಲಸ ಮಾಡದು.

ಕಣಿವೆದಾರಿ:
ಬಂಡೆ ಎರಡೂ ದಡದಲ್ಲಿದೆ, ಮಾಡಿ ನೋಡ್ತೀನಿ. ಅಲ್ಲಿ ನೆಟ್‌ವರ್ಕ್ ಇಲ್ಲ, ಆರ್‌ಟಿಕೆ (ಹಾರುವಾಗಲೇ ಸ್ಥಾನ ತಿದ್ದುವ ನಿಖರ ಜಿಪಿಎಸ್) ಹೇಗೆ?

ಬೇಸ್‌ಸ್ಟೇಷನ್:
ಪಿಪಿಕೆ ಮಾಡಿ, ಅಂದರೆ ಅದೇ ತಿದ್ದುಪಡಿ ಹಾರಾಟ ಮುಗಿದಮೇಲೆ. ಗಟ್ಟಿ ಬಂಡೆಗೆ ಬೋಲ್ಟ್ ಹೊಡೆದು ಬೇಸ್ (ಕದಲದೆ ನಿಲ್ಲುವ ರಿಸೀವರ್) ಇಟ್ಟು, ಹಾರಾಟದ ಮೊದಲೂ ನಂತರವೂ ಸೇರಿ ನಾಲ್ಕೈದು ಗಂಟೆ ರಾ ಡೇಟಾ ದಾಖಲಿಸಿ, ಊರಿಗೆ ಬಂದಮೇಲೆ ಪ್ರೊಸೆಸ್ ಮಾಡಿದರಾಯಿತು. ಎರಡೂ ಸಲ ಅದೇ ಬೋಲ್ಟ್ ಇರಬೇಕು. ಹಿಮನದಿಯ ಮೇಲೆ ಬೇಸ್ ಇಡಲೇಬೇಡಿ, ಅದು ಹರಿಯುತ್ತದೆ.

ಎತ್ತರದ ದತ್ತಾಂಶ ಬೆರಕೆಯಾಗದಿರಲಿ. ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ ಉಪಗ್ರಹ ವ್ಯವಸ್ಥೆ) ಕೊಡುವುದು ಎಲಿಪ್ಸಾಯ್ಡ್ (ಭೂಮಿಯ ಗಣಿತದ ಆಕಾರ) ಎತ್ತರ, ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರಾಡಾರ್‌ನಿಂದ ಮಾಡಿದ ಎತ್ತರದ ನಕ್ಷೆ) ಇರುವುದು ಜಿಯಾಯ್ಡ್ (ಸರಾಸರಿ ಸಮುದ್ರಮಟ್ಟ) ಮೇಲೆ. ಅಲ್ಲಿ ಎರಡರ ನಡುವೆ ಹತ್ತಾರು ಮೀಟರ್ ಅಂತರ. ಮೇಲಾಗಿ ಎಸ್‌ಆರ್‌ಟಿಎಂ 2000ರ ಫೆಬ್ರವರಿಯದ್ದು. ಟೆರೇನ್ ಫಾಲೋಗೆ (ನೆಲದ ಏರಿಳಿತಕ್ಕೆ ತಕ್ಕಂತೆ ಹಾರುವುದಕ್ಕೆ) ಅದನ್ನು ನಂಬಿ 40 ಮೀ.ನಲ್ಲಿ ಹಾರಿಸಿದರೆ ಡ್ರೋನ್ ಬಂಡೆಗೆ ಸಮರ್ಪಣೆ.

4,300 ಮೀ.ನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮೂರನೇ ಎರಡರಷ್ಟೇ, ಮೋಟಾರ್ ಹೆಚ್ಚು ಎಳೆಯುತ್ತದೆ. ಬ್ಯಾಟರಿ 20 ಡಿಗ್ರಿ ದಾಟುವವರೆಗೆ ಜಾಕೆಟ್ ಒಳಗಿರಲಿ, ಚಾರ್ಜ್ 30% ಉಳಿದಾಗಲೇ ಡ್ರೋನ್ ನೆಲಕ್ಕಿಳಿಸಿ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಸರ್ಕಾರದ ಡ್ರೋನ್ ವಾಯುಪ್ರದೇಶ ನಕ್ಷೆ) ಆ ಜಾಗ ಯಾವ ವಲಯ ಅಂತ ನೋಡಿಯೇ ಹೊರಡಿ.

ಮೊರೇನ್ ಮೇಷ್ಟ್ರು:
ಇನ್ನೊಂದು, ಇದು ಎಲ್ಲಕ್ಕಿಂತ ದೊಡ್ಡದು. ಹಿಮನದಿಯ ಮೇಲೆ ಮೇಯಿಂದ ಸೆಪ್ಟೆಂಬರ್ ಕಳೆದರೆ ಸಿಗುವುದು ಬರೀ ಹಿಮದ ಆಳವಲ್ಲ. ಮೂತಿಯ ಬಳಿ ಮಂಜುಗಡ್ಡೆ ಹರಿಯುತ್ತಾ ಕೆಳಗಿನಿಂದ ಮೇಲೇರುತ್ತದೆ. ಸೆಪ್ಟೆಂಬರ್ ಹಾರಾಟದ ನಂತರ ಕರಗಿದ್ದೂ ಅದರಲ್ಲಿ ಸೇರಿರುತ್ತದೆ. ಪ್ರೋಬ್ ಕಡ್ಡಿ ಚುಚ್ಚಿ ಅಲ್ಲಲ್ಲಿ ಆಳ ಅಳೆಯದೆ ಇವನ್ನು ಬೇರ್ಪಡಿಸಲಾಗದು. ಪಕ್ಕದ ಗಟ್ಟಿ ನೆಲದಲ್ಲಿ ಮಾತ್ರ ಕಳೆತ ನೇರವಾಗಿ ಆಳ ಕೊಡುತ್ತದೆ.

ಹಿಮವಿಲ್ಲದ ಬಂಡೆಯ ಮೇಲೆ ವ್ಯತ್ಯಾಸ ಸೊನ್ನೆ ಬರಬೇಕು. ಉತ್ತರದ ಇಳಿಜಾರಲ್ಲಿ ಪ್ಲಸ್, ದಕ್ಷಿಣದಲ್ಲಿ ಮೈನಸ್ ಬಂದರೆ ಎರಡು ಡಿಇಎಂ ಅಡ್ಡಕ್ಕೆ ಸರಿದಿವೆ ಅಂತ. ಮೊದಲು ಅದನ್ನು ಕೂರಿಸಿ.