ಎಂಟಿ3 ಲೇತು, ಎಂಟಿ3 ಮಿಲ್ಲು: ಇಆರ್32 ಕಾಲೆಟ್ಟು ಒಂದೇ ಸಾಕಾ, ಇಆರ್25 ಬೇರೆ ತಗೋಬೇಕಾ?

ಗಾಣದಬುಷ್_ಮಂಡ್ಯ

ಮನೆ ಶೆಡ್ಡಿನಲ್ಲಿ 7×14 ಲೇತು, ಪಕ್ಕದಲ್ಲಿ ಸಣ್ಣ ಮಿಲ್ಲು. ಎರಡರ ಸ್ಪಿಂಡಲ್ಲೂ ಎಂಟಿ3 (ಮೋರ್ಸ್ ಟೇಪರ್ 3, ಒಳಕ್ಕೆ ಕಿರಿದಾಗ್ತಾ ಹೋಗೋ ಬಾಯಿ). ಲೇತಿನ ಬೋರು 20 ಎಂಎಂ, ಚಕ್ಕು 80 ಎಂಎಂ ತ್ರೀ-ಜಾ. ಮಿಲ್ಲಿನ ಡ್ರಾಬಾರು (ಹೋಲ್ಡರನ್ನ ಹಿಂದಿನಿಂದ ಎಳೆದು ಹಿಡಿಯೋ ಬೋಲ್ಟು) ಎಂ12.

ಕೆಲಸ: 12, 16 ಎಂಎಂ ಪಿನ್ನುಗಳು, ಸ್ಪ್ರೇಯರಿನ ವಾಲ್ವ್ ಸ್ಪಿಂಡಲ್, 6 ಮತ್ತು 8 ಎಂಎಂ ಕೀವೇ (ಶಾಫ್ಟಿನ ಕೀಲಿ ಕೂರೋ ಸ್ಲಾಟು), ಆಲೆಮನೆ ಗಾಣಕ್ಕೆ 45 ಎಂಎಂ ಹೊರಡಯಾದ ಗನ್‌ಮೆಟಲ್ ಬುಷ್.

ತೊಂದರೆ ಎರಡು. ಪಿನ್ನು ತಿರುಗಿಸಿ ಹಿಡಿದರೆ 0.08 ಎಂಎಂ ಔಟ್ (ನಡುಗೆರೆ ಬಿಟ್ಟು ತಿರುಗೋದು) ತೋರಿಸ್ತದೆ. ಮಿಲ್ಲಿನಲ್ಲಿ ಎಂಡ್ ಮಿಲ್ಲನ್ನ ಡ್ರಿಲ್ ಚಕ್ಕಲ್ಲಿ ಹಿಡೀತಿದೀನಿ, 8 ಎಂಎಂ ಸ್ಲಾಟು ದೊಡ್ಡದಾಗಿ ಬರ್ತದೆ, ಕಟರು ಕೆಳಕ್ಕೆ ಜಾರ್ತದೆ. ಕಾಲೆಟ್ಟು (ರಾಡು, ಕಟರನ್ನ ಸುತ್ತಲೂ ಅದುಮಿ ಹಿಡಿಯೋ ಸೀಳು ಬುಷ್) ಹಾಕು ಅಂತಾರೆ; 5ಸಿ ಮಾದರಿ ತಗೋ ಅಂತ ಒಬ್ಬರು, ಇಆರ್ ಅಂತ ಇನ್ನೊಬ್ಬರು. 18 ಕಾಲೆಟ್ಟಿನ ಸೆಟ್ಟೇ ಬೇಕಾ?

ಡಯಲ್‌ಗೇಜ್_ಮೈಸೂರು

ಮೊದಲು ಆ ಡ್ರಿಲ್ ಚಕ್ಕನ್ನು ಮಿಲ್ಲಿಂಗಿನಿಂದ ತೆಗೆದುಬಿಡಿ ಸರ್. ಅದು ಕೆಳಮುಖದ ಒತ್ತಡಕ್ಕೆ ಮಾಡಿದ್ದು. ಮೂರು ಗೆರೆಯಲ್ಲಿ ಮಾತ್ರ ಹಿಡಿಯುತ್ತೆ, ಪಕ್ಕದಿಂದ ಲೋಡ್ ಬಂದರೆ ಕಟರು ಅಲ್ಲಾಡುತ್ತೆ. ಎಂಡ್ ಮಿಲ್ಲಿನ ಹೆಲಿಕ್ಸೇ (ಸುರುಳಿ ಅಂಚು) ಕಟರನ್ನು ಕೆಳಗೆ ಎಳೆಯುತ್ತಿರುತ್ತೆ, ಜಾರೋದು ಅದಕ್ಕೇ. ಇನ್ನೂ ಕೆಟ್ಟದ್ದೆಂದರೆ ಚಕ್ಕಿನ ಹಿಂದಿನ ಟೇಪರೇ ಬಿಟ್ಟುಕೊಂಡು ತಿರುಗುವ ಚಕ್ಕು ಕೆಳಗೆ ಬೀಳಬಹುದು.

5ಸಿ ಒಳ್ಳೆಯ ಕಾಲೆಟ್ಟೇ, ನಿಮಗಲ್ಲ. ಬರೆದ ಸೈಜಿನಿಂದ ಸ್ವಲ್ಪ ಆಚೀಚೆ ಆದರೂ ಸರಿಯಾಗಿ ಹಿಡಿಯಲ್ಲ, ಹಾಗಾಗಿ ಸೈಜಿಗೊಂದು ಬೇಕು. ಚೌಕ, ಷಟ್ಕೋನ ರಾಡಿನ ಕೆಲಸ ತುಂಬಾ ಇದ್ದರೆ ಯೋಚಿಸಬಹುದಿತ್ತು. ಇಆರ್32ರಲ್ಲಿ ಒಂದೊಂದು ಕಾಲೆಟ್ಟೂ 1 ಎಂಎಂ ಮುಚ್ಚಿಕೊಳ್ಳುತ್ತೆ: 10ರದ್ದು 9ರಿಂದ 10 ಹಿಡಿಯುತ್ತೆ. 3ರಿಂದ 20ರವರೆಗಿನ 18 ಇದ್ದರೆ 2ರಿಂದ 20 ಎಂಎಂ ನಡುವಿನ ಯಾವ ರಾಡಾದರೂ ಸರಿ. ಸ್ವಿಟ್ಜರ್ಲೆಂಡಿನ ರೆಗೊ-ಫಿಕ್ಸ್ 1972ರಲ್ಲಿ ತಂದ ಈ ಮಾದರಿ ಈಗ ಡಿಐಎನ್ 6499 ಎಂಬ ಜರ್ಮನ್ ಮಾನದಂಡದ ಅಳತೆಗೆ ಬಂದಿದೆ, ಒಬ್ಬರ ಕಾಲೆಟ್ಟು ಇನ್ನೊಬ್ಬರ ಹೋಲ್ಡರಿಗೆ ಕೂರುತ್ತೆ.

ಲೇತಿಗೆ ಎಂಟಿ3 ಶ್ಯಾಂಕಿನ (ಹಿಂಬದಿಯ ಹಿಡಿಕೆಯ) ಇಆರ್ ಚಕ್ ಬೇಡ. ಡ್ರಾಬಾರು ಹಾಕಿದ ಕೂಡಲೇ ಸ್ಪಿಂಡಲ್ ಬೋರು ಮುಚ್ಚಿತು, ಉದ್ದ ರಾಡು ಹಿಂದಿನಿಂದ ತೂರಿಸೋಕಾಗಲ್ಲ. ಫ್ಲೇಂಜಿನದು ತಗೊಂಡು ಬ್ಯಾಕ್‌ಪ್ಲೇಟಿಗೆ ಕೂರಿಸಿ. ಬ್ಯಾಕ್‌ಪ್ಲೇಟನ್ನು ನಿಮ್ಮ ಸ್ಪಿಂಡಲ್ಲಿಗೇ ಬೋಲ್ಟ್ ಮಾಡಿ ಮುಖ 0.1 ಎಂಎಂ ಫೇಸ್ ಮಾಡಿ. ಚಕ್ಕಿನ ಹಿಂದಿನ ಗುಳಿಗೆ ಕೂರುವ ಮೆಟ್ಟಿಲನ್ನು ಬೇಕೆಂದೇ 0.2 ಚಿಕ್ಕದಾಗಿ ತಿರುಗಿಸಿ. ಚಕ್ಕಿಟ್ಟು ಬೋಲ್ಟನ್ನು ಅರೆಬಿಗಿ ಮಾಡಿ, ಡಯಲನ್ನು ಚಕ್ಕಿನ ಒಳಟೇಪರಿಗೆ ಮುಟ್ಟಿಸಿ, ನೈಲಾನ್ ಸುತ್ತಿಗೆಯಲ್ಲಿ ತಟ್ಟುತ್ತಾ 0.01ಕ್ಕೆ ತನ್ನಿ. ಎದುರು-ಬದುರು ಬೋಲ್ಟ್ ಬಿಗಿದು ಮತ್ತೆ ಅಳೆಯಿರಿ, ಬಿಗಿಯುವಾಗ ಸರಿಯೋದು ಮಾಮೂಲು.

ನಟ್ಟಿನ ವಿಷಯ. ಕಾಲೆಟ್ಟನ್ನು ಮೊದಲು ಓರೆಯಾಗಿ ನಟ್ಟಿನೊಳಗೆ ಒತ್ತಿ, ಒಳಗಿನ ರಿಂಗು ಕಾಲೆಟ್ಟಿನ ತೋಡಿನಲ್ಲಿ ಟಕ್ಕೆಂದು ಸಿಕ್ಕಬೇಕು. ಆಮೇಲೆ ಎರಡನ್ನೂ ಒಟ್ಟಿಗೆ ಚಕ್ಕಿಗೆ ಹಾಕಿ. ಕಾಲೆಟ್ಟನ್ನು ಚಕ್ಕೊಳಗೆ ಹಾಕಿ ಮೇಲೆ ನಟ್ಟು ತಿರುಗಿಸಿದರೆ ಔಟ್ ಬರುತ್ತೆ, ಬಿಚ್ಚುವಾಗ ಕಾಲೆಟ್ಟು ಒಳಗೇ ಕಚ್ಚಿಕೊಳ್ಳುತ್ತೆ. ಖಾಲಿ ಕಾಲೆಟ್ಟು ಬಿಗಿಯಬೇಡಿ. ಜಾಬು ಕಾಲೆಟ್ಟಿನ ಉದ್ದದ ಮೂರರಲ್ಲಿ ಎರಡು ಭಾಗವಾದರೂ ಒಳಗಿರಲಿ, ಗಿಡ್ಡ ಜಾಬಾದರೆ ಅದೇ ಡಯಾದ ತುಂಡೊಂದನ್ನು ಹಿಂದೆ ಇಡಿ. ಇಲ್ಲಾಂದ್ರೆ ಬಾಯಿ ಮಾತ್ರ ಮುಚ್ಚಿ ಕಾಲೆಟ್ಟು ಸೊಟ್ಟಗಾಗುತ್ತೆ. ಕಪ್ಪು ಪೊರೆ ಇರುವ ಹಾಟ್ ರೋಲ್ಡ್ ರಾಡಂತೂ ಬೇಡವೇ ಬೇಡ, ಬ್ರೈಟ್ ಬಾರ್ ಹಾಕಿ.

ನಟ್ಟು ಬಿಗಿಯಲು ಗೇರು ಹಾಕಿ ಸ್ಪಿಂಡಲ್ ತಡೆಯಬೇಡಿ, ಈ ಸೈಜಿನ ಲೇತುಗಳಲ್ಲಿ ಹೆಚ್ಚಾಗಿ ನೈಲಾನ್ ಗೇರು, ಹಲ್ಲು ಮುರಿಯುತ್ತೆ. ಚಕ್ಕಿಗೊಂದು ತೂತು ಹೊಡೆದು ಪಿನ್ನು ಹಾಕಿ ತಡೆಯಿರಿ. ಸ್ಟಾರ್ಟ್ ಮಾಡುವ ಮುಂಚೆ ಪಿನ್ನು ಕೈಗೆ ಬಂದಿರಲಿ!

45 ಎಂಎಂ ಬುಷ್ ಇಆರ್32ಕ್ಕೆ ಬರಲ್ಲ, ಇಆರ್40ಕ್ಕೂ ಇಲ್ಲ. ತ್ರೀ-ಜಾಗೆ ಸಾಫ್ಟ್ ಜಾ (ಕೊರೆಯಬಹುದಾದ ಮೆದು ಲೋಹದ ಹಿಡಿತ) ಹಾಕಿ 45ಕ್ಕೆ ಬೋರ್ ಮಾಡಿ ಹಿಡಿಯಿರಿ. ಇಲ್ಲವೇ ಒಳಗು, ಹೊರಗು, ಫೇಸು ಎಲ್ಲ ಒಂದೇ ಹಿಡಿತದಲ್ಲಿ ಮುಗಿಸಿ ಪಾರ್ಟ್ ಮಾಡಿ (ರಾಡಿನಿಂದ ಕತ್ತರಿಸಿ ತೆಗೆಯಿರಿ).

ಚಿಪ್ಸ್‌ಬುಟ್ಟಿ

ಲೇತಿನ ಮಾತು ಒಪ್ಪಿದೆ. ಮಿಲ್ಲಿಗೆ ಮಾತ್ರ ಇಆರ್25 ಅಂತೀನಿ. ಇಆರ್32 ನಟ್ಟಿನ ಹೊರಡಯಾ 50 ಎಂಎಂ, ಇಆರ್25ರದ್ದು 42. ಸಣ್ಣ ಮಿಲ್ಲಲ್ಲಿ ವೈಸಿನ ಜಾಗೆ, ಕ್ಲಾಂಪಿನ ತಲೆಗೆ ಬಡಿಯೋದು ಈ ನಟ್ಟೇ. ಇಆರ್25 ಕೂಡ 16 ಎಂಎಂ ಶ್ಯಾಂಕ್ ಹಿಡಿಯುತ್ತೆ, ಆ ಮಿಲ್ಲಿಗೆ ಅದಕ್ಕಿಂತ ದೊಡ್ಡ ಕಟರು ಯಾಕೆ?

ಕೀವೇ ಒಂದೇ ಕೆಲಸ ಅನ್ನೋದಾದ್ರೆ 6, 8ರ ಎಂಟಿ3 ಕಾಲೆಟ್ಟು ನೇರ ಸ್ಪಿಂಡಲ್ಲಿಗೇ ಹಾಕಬಹುದು. ಕಟರು ಸ್ಪಿಂಡಲ್ ಹತ್ತಿರವೇ ಇರುತ್ತೆ, ಚಾಟರ್ (ಕಟರಿನ ನಡುಕ) ಕಮ್ಮಿ. ಆದರೆ ಕಟರು ಬದಲಿಸಿದಾಗಲೆಲ್ಲ ಡ್ರಾಬಾರಿಗೆ ಏಟು.

ಡಯಲ್‌ಗೇಜ್_ಮೈಸೂರು

ನಟ್ಟಿನ ಡಯಾ ಮಾತು ನಿಜ. ಆದರೂ ಎರಡು ಸೆಟ್ಟಿನ ದುಡ್ಡು ಒಂದೇ ಒಳ್ಳೆಯ ಸೆಟ್ಟಿಗೆ ಹೋಗಲಿ ಅನ್ನೋದು ನನ್ನ ಲೆಕ್ಕ, ಕೀವೇಗೆ 50ರ ನಟ್ಟು ಅಡ್ಡ ಬರೋದು ಅಪರೂಪ. ಮಿಲ್ಲಿಗೆ ಎಂ12 ಹಿಂಬದಿ ದಾರದ ಎಂಟಿ3-ಇಆರ್32 ಹೋಲ್ಡರು. ಇಂಚಿನ ದಾರದ್ದೂ ಸಿಗುತ್ತೆ, ನೋಡಿ ತಗೊಳ್ಳಿ.

ಏಟಿನ ವಿಷಯಕ್ಕೆ: ಡ್ರಾಬಾರನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ, ಹಿತ್ತಾಳೆ ಸುತ್ತಿಗೆಯಲ್ಲಿ ಒಂದು ಚುರುಕು ಏಟು. ಪೂರ್ತಿ ಬಿಚ್ಚಿ ಕೊನೇ ದಾರದ ಮೇಲೆ ಬಡಿದರೆ ದಾರ ಹೋಗುತ್ತೆ. ಟೇಪರು ಹಾಕುವ ಮುಂಚೆ ಬನಿಯನ್ ವೇಸ್ಟಿನಲ್ಲಿ ಒರೆಸಿ. ಕಟರ್ ಶ್ಯಾಂಕ್ ಮತ್ತು ಕಾಲೆಟ್ಟಿನ ಒಳಗು ಒಣಗಿರಲಿ, ಎಣ್ಣೆ ನಟ್ಟಿನ ದಾರಕ್ಕೆ ಒಂದು ಹನಿ ಮಾತ್ರ.

ಗಾಣದಬುಷ್_ಮಂಡ್ಯ

ಹಾಗಾದ್ರೆ ಇಆರ್32. ಹೆಬ್ಬಾಳದ ಕಡೆ ಸಿಎನ್‌ಸಿ ಶಾಪಿನ ಹಳೇ ಕಾಲೆಟ್ಟು ಸಿಕ್ಕರೆ ತಗೋಬಹುದಾ? ಒಳ್ಳೇದು ಕೆಟ್ಟದ್ದು ಹೆಂಗೆ ಗೊತ್ತಾಗ್ತದೆ?

ಡಯಲ್‌ಗೇಜ್_ಮೈಸೂರು

ಒಳಗೆ ಬೆರಳುಗುರು ಆಡಿಸಿ ನೋಡಿ. ಬಾಯಿ ಹತ್ತಿರ ಗಂಟೆಯಂತೆ ಅಗಲವಾಗಿದ್ದರೆ, ಹೊರಟೇಪರಿನಲ್ಲಿ ಗೆರೆ ಬಿದ್ದಿದ್ದರೆ, ಸೀಳಿನ ತುದಿಯಲ್ಲಿ ಬಿರುಕು ಕಂಡರೆ ಬಿಟ್ಟುಬಿಡಿ.

ಉಳಿದದ್ದಕ್ಕೆ ಡಯಲೇ ಹೇಳಬೇಕು. 10ರ ಕಾಲೆಟ್ಟಿಗೆ 10 ಎಂಎಂ ಗ್ರೈಂಡ್ ಮಾಡಿದ ಡೋವೆಲ್ ಪಿನ್ ಹಾಕಿ, ಕಾಲೆಟ್ಟಿನ ಬಾಯಿಂದ 25 ಎಂಎಂ ಆಚೆ ಅಳೆಯಿರಿ. ಆ ಸೈಜಿಗೆ ಡಿಐಎನ್ ಸಾಮಾನ್ಯ ದರ್ಜೆಯಲ್ಲಿ 0.015 ಬಿಡುತ್ತೆ. ಹೆಚ್ಚು ಬಂದರೆ ಕಾಲೆಟ್ಟನ್ನೇ ಬೈಯಬೇಡಿ: ಎತ್ತರದ ಜಾಗಕ್ಕೆ ಮಾರ್ಕರ್ ಹಾಕಿ, ಬಿಚ್ಚಿ, ಕಾಲೆಟ್ಟು-ಪಿನ್ನು ಎರಡನ್ನೂ ಒಟ್ಟಿಗೆ ಅರ್ಧ ಸುತ್ತು ತಿರುಗಿಸಿ ಹಾಕಿ. ಎತ್ತರ ಕಾಲೆಟ್ಟಿನ ಜೊತೆ ತಿರುಗಿದರೆ ತಪ್ಪು ಅದರದ್ದು. ಸ್ಪಿಂಡಲ್ಲಿನ ಅದೇ ಜಾಗದಲ್ಲಿ ನಿಂತರೆ ಚಕ್ಕಿನದೋ ಸ್ಪಿಂಡಲ್ಲಿನದೋ, ಅರ್ಧಕ್ಕರ್ಧ ಬಾರಿ ಟೇಪರಿನಲ್ಲಿ ಸಿಕ್ಕಿದ ಒಂದು ಚಿಪ್ಸ್ ಅಷ್ಟೇ.

ಸೆಟ್ಟು ಈಗಲೇ ಬೇಡ. 6, 8, 10, 12, 16 ಈ ಐದನ್ನು ಒಳ್ಳೆಯ ದರ್ಜೆಯಲ್ಲಿ ಹೊಸದು ತಗೊಳ್ಳಿ, ನಿಮ್ಮ ಕಟರು, ಪಿನ್ನು ಎರಡೂ ಅದರಲ್ಲೇ ಬಂದವು. 6ರ ಶ್ಯಾಂಕನ್ನು 7ರ ಕಾಲೆಟ್ಟಲ್ಲಿ ಹಿಂಡಿ ಹಿಡಿಯಬೇಡಿ, ಲೇತಿನ ಜಾಬಿಗೆ ನಡೆದೀತು, ಕಟರಿಗಲ್ಲ. ಮಿಕ್ಕ ಸೈಜು ಬೇಕಾದಾಗ ಒಂದೊಂದು.

ಚಿಪ್ಸ್‌ಬುಟ್ಟಿ

ಇಆರ್32ರ ಚೌಕ ಬ್ಲಾಕು, ಷಟ್ಕೋನ ಬ್ಲಾಕು ಜೊತೆಗೆ ತಗೊಳ್ಳಿ ಗುರು. ವಾಲ್ವ್ ಸ್ಪಿಂಡಲ್ಲಿನ ತುದಿಗೆ ನಾಲ್ಕು ಮುಖ ಬೇಕಿದ್ದರೆ ಬ್ಲಾಕನ್ನ ವೈಸಲ್ಲಿ ಮಗುಚಿ ಮಗುಚಿ ಹಿಡಿದರಾಯ್ತು, ಇಂಡೆಕ್ಸಿಂಗ್ ಹೆಡ್ ಬೇಕಿಲ್ಲ. ಪಕ್ಕಕ್ಕೊಂದು ಸ್ಟಾಪರ್ ಇಡಿ, ಇಲ್ಲಾಂದ್ರೆ ಮುಖಗಳ ಉದ್ದ ಹೆಚ್ಚುಕಮ್ಮಿ ಆಗುತ್ತೆ.