ಅಪ್‌ಡೇಟ್: ಕಾರವಾರದ ಹಳೇ ಲಾಡ್ಜಿನ ದೆವ್ವ ಸಿಕ್ತು

ಹೋದ ತಿಂಗಳು ಕೇಳಿದ್ದೆನಲ್ಲ, ಕೋಡಿಬಾಗ ಕಡೆಯ ಹಳೇ ಹೆಂಚಿನ ಲಾಡ್ಜಲ್ಲಿ ರಾತ್ರಿ ಹೆಜ್ಜೆ ಸಪ್ಪಳ, ಕದ ತಾನಾಗೇ ತೆರೆಯುತ್ತೆ, ಹೇಗೆ ಪತ್ತೆ ಮಾಡೋದು ಅಂತ. ಶನಿವಾರ ಮೂವರು ಹೋಗಿ ಮಲಗಿದ್ವಿ. ಮಲಗಿದ್ವಿ ಅನ್ನೋದು ಸುಳ್ಳು, ಯಾರೂ ಕಣ್ಣು ಮುಚ್ಚಲಿಲ್ಲ.

ಮಂಚದ ತಲೆದೆಸೆಯಲ್ಲಿ ಇಎಂಎಫ್ ಮೀಟರ್ (ವಿದ್ಯುತ್-ಕಾಂತಕ್ಷೇತ್ರ ಅಳೆಯೋ ಸಾಧನ, ದೆವ್ವ ಹುಡುಕೋರು ಬಳಸೋದು) ಕೆಂಪಾಯ್ತು. ಗೆಳೆಯ ಹನುಮಾನ್ ಚಾಲೀಸಾ ಶುರುಮಾಡಿದ. ಕೆಳಗಿಳಿದು ಮೇನ್ ಸ್ವಿಚ್ ಆಫ್ ಮಾಡಿದೆ, ಮೀಟರ್ ತಣ್ಣಗಾಯ್ತು. ಗೋಡೆಯ ಹಳೇ ವೈರಿಂಗು! ನಮ್ಮ 50 ಹರ್ಟ್ಸ್ ಕರೆಂಟಿನ ಕಾಂತಕ್ಷೇತ್ರವನ್ನೇ ಅದು ಹಿಡಿದಿದ್ದು.

ಸಪ್ಪಳ ಮಾತ್ರ ಎರಡೂವರೆಗೆ ಬಂದೇ ಬಂತು. ಅಟ್ಟಕ್ಕೆ ಟಾರ್ಚ್ ಬಿಟ್ರೆ ಹೊಳೆಯೋ ಕಣ್ಣು. ಕಬ್ಬೆಕ್ಕು (ಹಣ್ಣು ತಿನ್ನೋ, ಪುನುಗಿನ ಜಾತಿಯ ಪ್ರಾಣಿ), ಜೊತೆಗೆ ಮರಿ. ಆಗ 'ಹಿಕ್ಕೆ ಹುಡುಕಿ, ಹಣ್ಣಿನ ಬೀಜ ಇರುತ್ತೆ' ಅಂತ ಉತ್ತರ ಕೊಟ್ಟಿದ್ದವರೇ, ನಿಮಗೊಂದು ನಮಸ್ಕಾರ. ಕದ ತಾನಾಗೇ ತೆರೆಯೋದು ಇನ್ನೂ ಬಗೆಹರಿದಿಲ್ಲ.

ಮಾಲೀಕರಿಗೆ ಹೇಳಿದ್ರೆ, "ಬೆಕ್ಕು ಅಂತ ಎಲ್ಲೂ ಹೇಳ್ಬೇಡಿ ಮಾರಾಯ್ರೆ, ಆ ರೂಮಿಗೇ ಗಿರಾಕಿ ಜಾಸ್ತಿ" ಅಂದ್ರು.